ಮೂರು ಸಲ ಗಂಟೆ ಬಡಿದರೆ ಯಾರು ಸತ್ತರೆಂದು ತಿಳಿಯಬೇಕು?

ನೋವಿ ಬ್ರೋಡ್ ರೇಡಿಯೊ ನಿಲಯದ ವ್ಯವಸ್ಥಾಪಕರಾದ ಶ್ರೀಮಾನ್ ಹಾರ್ಲನ್ ಟ್ವೀಡಿ ಅವರ ಸನ್ನಿಧಾನಕ್ಕೆ, ಊರಿನ ವಾರಪತ್ರಿಕೆಯ ಮುಖಾಂತರ

ನೋವಿ ಬ್ರೋಡ್, ನೆಬ್ರಾಸ್ಕ
ಫೆಬ್ರವರಿ, ೧೯೫೬

ಮಾನ್ಯರೇ,

ತಮಗೂ, ತಮ್ಮ ಶ್ರೀಮತಿಯವರಿಗೂ, ತಮ್ಮ ಕಟ್ಟಡದ ನೆತ್ತಿಯ ಮೇಲೆ ಚಳಿಗಾಳಿಯೆನ್ನದೆ ನಿಂತಿರುವ ಆ ಎತ್ತರದ ಕಂಬಕ್ಕೂ ನನ್ನ ವಿನಯಪೂರ್ವಕ ನಮಸ್ಕಾರಗಳು. ತಾವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ತಮ್ಮ ಕಿವಿಗಳಂತೂ ಕ್ಷೇಮವಾಗಿಯೇ ಇರಬೇಕು, ಏಕೆಂದರೆ ತಮ್ಮ ನಿಲಯದಿಂದ ಈಗ ಹೊರಡುತ್ತಿರುವುದನ್ನು ತಾವು ಕೂತು ಕೇಳುತ್ತಿರುವ ಲಕ್ಷಣ ಯಾವುದೂ ಕಾಣುತ್ತಿಲ್ಲ. ನಾನು ವೆನ್ಸೆಲ್ ಪೊಸ್ಪಿಶಿಲ್. ಬೊಹೀಮಿಯದಿಂದ ಬಂದವರ ಮಗ, ತೊರೆಯಾಚೆ ಇಪ್ಪತ್ತೆರಡು ಹಸುಗಳ ಹಾಲು ಕರೆಯುವವನು, ಹಾಗೂ ಕಳೆದ ಶನಿವಾರದ ತನಕ ಈ ಜಿಲ್ಲೆಯ 'ರೇಡಿಯೊ ಮೌನ ಸಮಿತಿ'ಯ ಅಧ್ಯಕ್ಷನಾಗಿದ್ದವನು. ತಾವು ಈ ಸಮಿತಿಯ ಬಗ್ಗೆ ಕೇಳಿರಲಾರಿರಿ. ನಾವು ಸದ್ದು ಮಾಡಿದವರಲ್ಲ.

ಮೊದಲಿಗೆ ತಮ್ಮನ್ನು ಅಭಿನಂದಿಸುವುದು ನನ್ನ ಕರ್ತವ್ಯ. ದೊಡ್ಡ ದೊಡ್ಡ ಪಟ್ಟಣಗಳ ನಿಲಯಗಳೇ ಹಿಂದೆ ಮುಂದೆ ನೋಡುತ್ತಿರುವಾಗ, ಮನುಷ್ಯರಿಗಿಂತ ಹಂದಿಗಳೇ ಹೆಚ್ಚಿರುವ ನಮ್ಮ ಜಿಲ್ಲೆಗೆ ತಾವು ಕಳೆದ ನವೆಂಬರಿನ ಎರಡನೆಯ ಸೋಮವಾರ, ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ, ಒಂದು ಮಾತಿನ ಮುನ್ಸೂಚನೆಯೂ ಇಲ್ಲದೆ ರಾಕ್ ಅಂಡ್ ರೋಲ್ ದಯಪಾಲಿಸಿದಿರಿ. ಆ ಹೊತ್ತಿಗೆ ಜಿಲ್ಲೆಯ ಅಷ್ಟೂ ಮನೆಗಳಲ್ಲಿ ನಾವು ಸೂಪಿನ ಬಟ್ಟಲಿನ ಮುಂದೆ ಕೂತಿದ್ದೆವು, ಏಕೆಂದರೆ ಹತ್ತೊಂಬತ್ತು ವರ್ಷಗಳಿಂದ ಆ ಹೊತ್ತಿಗೆ ನಮಗೆ ಮೂರು ಸಂಗತಿಗಳು ತಪ್ಪದೆ ಬರುತ್ತಿದ್ದವು: ನನ್ನ ತಮ್ಮ ಲುಮೀರನ ಅಕಾರ್ಡಿಯನ್ನಿನಲ್ಲಿ ನಮ್ಮ ಬೊಹೀಮಿಯದ ಕುಣಿತದ ಹಾಡು ಪೋಲ್ಕಾ, ಹಂದಿಗಳ ಪೇಟೆಧಾರಣೆ, ಆಮೇಲೆ ಪುಟ್ಟ ಕೈಗಂಟೆಯೊಂದು ಮೂರು ಸಲ ಬಡಿದು ಸತ್ತವರ ಹೆಸರು.

ಆ ಗಂಟೆಯ ವಿಷಯ ತಮಗೆ ಯಾರೂ ಹೇಳಿರಲಿಕ್ಕಿಲ್ಲ, ತಾವು ನಮ್ಮೂರಿಗೆ ಬಂದು ಇನ್ನೂ ವರ್ಷ ತುಂಬಿಲ್ಲ. ನಮ್ಮಲ್ಲಿ ಸಾವಿಗೆ ಯಾರೂ ಯಾರಿಗೂ ಫೋನು ಮಾಡುವುದಿಲ್ಲ. ಹಾಗೆ ಮಾಡಿದರೆ ಹೂವಿಗಾಗಿ ಕೈಯೊಡ್ಡಿದಂತೆ. ರೇಡಿಯೊದಲ್ಲಿ ಗಂಟೆ ಮೂರು ಸಲ ಬಡಿಯುತ್ತದೆ, ಚಮಚಗಳು ಕೆಳಗಿಳಿಯುತ್ತವೆ, ಹೆಸರು, ದಿನ, ಹೊತ್ತು ಕೇಳಿಸುತ್ತದೆ, ಜಿಲ್ಲೆಗೆ ಜಿಲ್ಲೆಯೇ ಹೊರಟು ಬರುತ್ತದೆ. ಆ ಸೋಮವಾರವೂ ಗಂಟೆ ಮೂರು ಸಲ ಬಡಿಯಿತು. ನಾನು ಚಮಚ ಇಳಿಸಿದೆ, ನನ್ನ ಹೆಂಡತಿ ಅಲ್ಬೀನಾ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು, ಮರುಕ್ಷಣ ಒಬ್ಬ ತರುಣ ಕಿಟಾರನೆ ಕಿರುಚಿದ. ಅಲ್ಬೀನಾ ಕಣ್ಣೊರೆಸಿಕೊಂಡು, "ಪಾಪ, ಯಾರ ಮನೆ ಮಗನೋ, ಅಪ್ಪನ್ನ ಕಳ್ಕೊಂಡು ಹೆಂಗೆ ಬಾಯ್ ಬಡ್ಕೋತಿದಾನೆ ನೋಡ್ರಿ," ಎಂದಳು. ಅಷ್ಟರಲ್ಲಿ ಅವನ ಹಿಂದೆ ಡ್ರಮ್ಮು ಶುರುವಾಯಿತು. ಆ ವಾರದ ನಂಬರ್ ಒನ್ ಹಾಡು ಅದೆಂದೂ, ಇನ್ನು ಮೇಲೆ ಗಂಟೆ ಬಡಿಯುವುದು ನಂಬರ್ ಒನ್ ಹಾಡಿಗೇ ಎಂದೂ, ಜಾನಿ ಜೆಟ್ ಎಂಬ ತಮ್ಮ ಹೊಸ ಉದ್ಘೋಷಕರು ಉಸಿರು ಬಿಡದೆ ಹೇಳಿದರು. ಜಾನಿ ಜೆಟ್ ಎಂದರೆ ನಮ್ಮ ಟ್ಯೂಬಾ ಊದುವ ಮುದುಕ ಶಿಮೆಕನ ಮೊಮ್ಮಗ ಮಿಲೋ ಎಂಬುದು ಆಮೇಲೆ ತಿಳಿಯಿತು. ಸೂಪು ಅಂದು ತಣ್ಣಗಾಯಿತು.

ನನ್ನ ತಮ್ಮ ಲುಮೀರನನ್ನು ತಾವು ಬೀಳ್ಕೊಟ್ಟ ರೀತಿಗೂ ನಾನು ಕೃತಜ್ಞತೆ ಸಲ್ಲಿಸಬೇಕು. ಹತ್ತೊಂಬತ್ತು ವರ್ಷ, ಹಿಮ ಬಿದ್ದರೂ ತೊರೆ ಉಕ್ಕಿದರೂ, ಪ್ರತಿ ಮಧ್ಯಾಹ್ನ ಅಕಾರ್ಡಿಯನ್ ಹೊತ್ತು ತಮ್ಮ ನಿಲಯದ ಮೆಟ್ಟಿಲು ಹತ್ತಿದವನಿಗೆ ತಾವು ಮೂರು ಸಾಲಿನ ಕಾಗದವನ್ನೂ, ನಿಲಯದ ಹೆಸರು ಕೊರೆಸಿದ ಒಂದು ಬಾಲ್ ಪೆನ್ನನ್ನೂ ಕೊಟ್ಟಿರಿ. ಮದುವೆ ಮಕ್ಕಳು ಇಲ್ಲದ, ಬೀಜದಂಗಡಿಯ ಚೀಟಿಗೆ ಸಹಿ ಹಾಕುವುದರ ಹೊರತು ಏನನ್ನೂ ಬರೆಯುವ ಪ್ರಮೇಯವಿಲ್ಲದ ಅರವತ್ತೊಂದರ ಮನುಷ್ಯನಿಗೆ ಪೆನ್ನಿಗಿಂತ ಉಪಯುಕ್ತವಾದ ಉಡುಗೊರೆ ಇನ್ನೇನಿದ್ದೀತು! ಅವನು ಅದನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು, ನನ್ನ ಹೊಲದ ಕೊನೆಯಲ್ಲಿದ್ದ ತನ್ನ ಪುಟ್ಟ ಮನೆಗೆ ನಡೆದು ಹೋದ. ಬೈಗುಳ ಒಂದೂ ಆಡಲಿಲ್ಲ. ಅವನ ಪಾಲಿನದನ್ನೂ ಸೇರಿಸಿ ನಾನೇ ಆಡಿದೆ.

ಅದೇ ವಾರ ಬೊಹೀಮಿಯನ್ ಹಾಲ್ ಎಂಬ ನಮ್ಮ ಸಮುದಾಯ ಭವನದಲ್ಲಿ ಸಭೆ ಕರೆದೆ. ಇನ್ನೂರ ಹನ್ನೆರಡು ಮನೆಗಳವರು ಎದ್ದು ನಿಂತು ಪ್ರಮಾಣ ಮಾಡಿದರು: ಪೋಲ್ಕಾ ಮರಳುವವರೆಗೆ, ಗಂಟೆ ಗಂಟೆಯಾಗುವವರೆಗೆ, ರೇಡಿಯೊದ ತಿರುಪನ್ನು ಮುಟ್ಟುವುದಿಲ್ಲ. ಸಾವಿನ ಮನೆಯಲ್ಲಿ ಕನ್ನಡಿಗೆ ಬಟ್ಟೆ ಮುಚ್ಚುವಂತೆ ಎಲ್ಲರೂ ರೇಡಿಯೊಗೆ ಬಟ್ಟೆ ಮುಚ್ಚಬೇಕೆಂಬುದು ನನ್ನ ಸೂಚನೆ. ಬಟ್ಟೆಯ ಮೇಲೆ ಅಲ್ಬೀನಾ ತಾನಾಗಿಯೇ ಸಂತರೊಬ್ಬರ ಮೂರ್ತಿಯನ್ನೂ ಇಟ್ಟಳು. ಮೊದಲ ಸಹಿ ಲುಮೀರನದು, ತಾವು ಕೊಟ್ಟ ಪೆನ್ನಿನಿಂದಲೇ. ಸಹಿ ಹಾಕಿ ತಲೆಯೆತ್ತಿ ಅವನು, "ಅಣ್ಣಾ, ಇಷ್ಟು ಜನರ ಕಿವಿಗೆ ಬೀಗ ಹಾಕ್ತಿದೀಯ. ಬೀಗದ ಕೈ ಎಲ್ಲಿಡ್ತೀಯ, ಅದನ್ನ ಯೋಚ್ನೆ ಮಾಡ್ದ್ಯಾ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಸಮಿತಿಯನ್ನು ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಡೆಸಿದೆನೆಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಪಿಕಪ್ ತೆಗೆದುಕೊಂಡು ಹೊರಟು, ಒಂದೊಂದು ಮನೆಯ ಕಿಟಕಿಯ ಬಳಿ ಎಂಜಿನ್ ಆರಿಸಿ ಕಿವಿಗೊಡುತ್ತಿದ್ದೆ. ಎಂಬತ್ತು ದಾಟಿದ ಜೆಲೆಂಕಾ ಅಜ್ಜಿ ಒಮ್ಮೆ ಸಿಕ್ಕಿಬಿದ್ದರು. "ಹಾಡಲ್ಲ ಕಣಪ್ಪಾ, ಹವಾಮಾನ ಕೇಳ್ತಿದ್ದೆ. ಹಾಸಿಗೆ ಬಟ್ಟೆ ಒಗೆದು ಹಾಕಿದೀನಿ," ಎಂದರು. "ಹವಾಮಾನ ಆಕಾಶದಲ್ಲಿದೆ ಅಜ್ಜಿ, ಕತ್ತೆತ್ತಿ ನೋಡಿ," ಎಂದು ಅವರ ರೇಡಿಯೊ ಬೆನ್ನಿನಿಂದ ಅದು ಮಾತಾಡಲು ಬೇಕಾದ ಒಂದು ಬಲ್ಬು ಕಿತ್ತು ಜೇಬಿಗೆ ಹಾಕಿಕೊಂಡೆ. ಜನವರಿ ಬರುವ ಹೊತ್ತಿಗೆ ಇಡೀ ಜಿಲ್ಲೆಯ ಹಳ್ಳಿಗಾಡಿನಲ್ಲಿ ತಮ್ಮ ನಿಲಯವನ್ನು ಕೇಳುವ ದೊಡ್ಡವರ ಕಿವಿ ಒಂದೇ ಒಂದೂ ಇರಲಿಲ್ಲ. ಇಷ್ಟು ಗೆದ್ದ ಚಳವಳಿ ಈ ಸೀಮೆಯಲ್ಲಿ ಇನ್ನೊಂದು ಆಗಿಲ್ಲ, ಮಾನ್ಯರೇ. ಗೆದ್ದಿದ್ದು ಎಷ್ಟೆಂಬುದು ನನಗೂ ಆಮೇಲೆಯೇ ಗೊತ್ತಾದದ್ದು.

ಈ ತಿಂಗಳು ಸುರಿದ ಮಂಜುಗಡ್ಡೆಯ ಮಳೆ ತಮಗೆ ನೆನಪಿರಬೇಕು. ಮಂಗಳವಾರ ಟೆಲಿಫೋನಿನ ತಂತಿಗಳೆಲ್ಲ ಭಾರಕ್ಕೆ ಹರಿದು ಬಿದ್ದವು. ಗುರುವಾರ ಮಧ್ಯಾಹ್ನ ಲುಮೀರ ಹಾಲು ಒಯ್ಯಲು ಬರಲಿಲ್ಲವೆಂದು ನಾನೇ ಹಾಲಿನ ಪಾತ್ರೆ ಹಿಡಿದು ಅವನ ಮನೆಗೆ ಹೋದೆ. ಅವನು ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದ. ತೊಡೆಯ ಮೇಲೆ ಅಕಾರ್ಡಿಯನ್, ಬಲಗೈಯ ಬೆರಳುಗಳು ಅದರ ಮನೆಗಳ ಮೇಲೆಯೇ ಇದ್ದವು. ಪ್ರಾಣ ಹೋಗಿತ್ತು. ಅವನ ಪಕ್ಕದಲ್ಲಿ, ಬಟ್ಟೆಯಿಲ್ಲ ಮೂರ್ತಿಯಿಲ್ಲ, ರೇಡಿಯೊ ಗಂಟಲು ಹರಿದುಕೊಳ್ಳುತ್ತಿತ್ತು. ತಮ್ಮ ನಿಲಯ, ತಮ್ಮ ಹಾಡು.

ಇಲ್ಲೊಂದು ಮಾತು ಹೇಳಬೇಕು, ಇದು ತಮ್ಮ ಮೇಲಿನ ದೂರಲ್ಲ. ನಾನು ಮೊದಲು ಮಾಡಿದ್ದು ತಮ್ಮನ ಕಣ್ಣು ಮುಚ್ಚಿದ್ದಲ್ಲ. ರೇಡಿಯೊ ಆರಿಸಿದ್ದು. ಆಮೇಲೆ ಮೇಜಿನ ಮೇಲಿದ್ದ ಟವೆಲನ್ನು ಅದರ ಮೇಲೆ ಹಾಕಿದ್ದು. ಅಧ್ಯಕ್ಷನ ಸ್ವಂತ ತಮ್ಮನೇ ಪ್ರಮಾಣ ಮುರಿದನೆಂದು ಶವಪೆಟ್ಟಿಗೆ ತರುವವನಿಗೆ ಗೊತ್ತಾಗಬಾರದಿತ್ತು. ಇಲ್ಲಿ ಅಕ್ಷರ ಸೊಟ್ಟಗಾಗಿದ್ದರೆ ಪತ್ರಿಕೆಯವರು ತಿದ್ದಿಕೊಳ್ಳಲಿ.

ಲುಮೀರ ಯಾವ ದೇವರಿಗೂ ಕೈ ಮುಗಿದವನಲ್ಲ; ಅವನು ನಲವತ್ತು ವರ್ಷ ಜನರನ್ನು ಕುಣಿಸಿದ ಬೊಹೀಮಿಯನ್ ಹಾಲಿನಿಂದಲೇ ಅವನನ್ನು ಕಳಿಸಿಕೊಡಬೇಕು, ಹಿತ್ತಾಳೆ ವಾದ್ಯದವರು ಊದುತ್ತ ಮುಂದೆ ನಡೆಯಬೇಕು, ಜಿಲ್ಲೆಯೆಲ್ಲ ಹಿಂದೆ ಬರಬೇಕು. ನನಗೆ ಬೇಕಾಗಿದ್ದುದು ಇಷ್ಟೇ. ಫೋನಿಲ್ಲ, ವಾರಪತ್ರಿಕೆ ಬರುವುದು ಬುಧವಾರ. ಆದ್ದರಿಂದ ಶುಕ್ರವಾರ ಬೆಳಿಗ್ಗೆ ನಾನು, ರೇಡಿಯೊ ಮೌನ ಸಮಿತಿಯ ಅಧ್ಯಕ್ಷ, ಟೋಪಿ ಕೈಯಲ್ಲಿ ಹಿಡಿದು ತಮ್ಮ ನಿಲಯದ ಮೆಟ್ಟಿಲು ಹತ್ತಿದೆ. ತಾವು ಊಟಕ್ಕೆ ಹೋಗಿದ್ದಿರಂತೆ, ಹತ್ತೂವರೆಗೆ. ಜಾನಿ ಜೆಟ್ ಅವರು ನನ್ನ ಚೀಟಿ ಓದಿ, ಏನೋ ಹೇಳಲು ಬಾಯಿ ತೆರೆದರು. ಅವರ ಮಾತು ಕೇಳಲು ನನಗೆ ಮನಸ್ಸಿರಲಿಲ್ಲ. ಚೀಟಿ ಅವರ ಕೈಯಲ್ಲೇ ಬಿಟ್ಟು ಇಳಿದುಬಂದೆ. ಮಧ್ಯಾಹ್ನ ಹನ್ನೆರಡಕ್ಕೆ ಪ್ರಕಟಣೆಯ ಹೊತ್ತಾದಾಗ, ಪ್ರಮಾಣಕ್ಕೆ ತಪ್ಪಬಾರದೆಂದು ಬಟ್ಟೆ ಮುಚ್ಚಿದ ರೇಡಿಯೊದ ಮುಂದೆ ಚಮಚ ಕೆಳಗಿಟ್ಟು ಸುಮ್ಮನೆ ಕೂತೆ. ಅತ್ತ ಅಡುಗೆಮನೆಯಲ್ಲಿ ಅಲ್ಬೀನಾ ಮತ್ತು ಅವಳ ತಂಗಿ ಗಸಗಸೆಯನ್ನೂ ಪ್ಲಮ್ ಹಣ್ಣನ್ನೂ ಹೂರಣ ಮಾಡಿ ತುಂಬಿ ಕೊಲಾಚೆ ಎಂಬ ಸಿಹಿ ಬನ್ನು ಬೇಯಿಸುತ್ತಿದ್ದರು. ನಾನೂರ ಎಂಬತ್ತು ಕೊಲಾಚೆ. ಜಿಲ್ಲೆಯೆಲ್ಲ ಬರುತ್ತದಲ್ಲ!

ಶನಿವಾರ ಹತ್ತು ಗಂಟೆಗೆ ಬೊಹೀಮಿಯನ್ ಹಾಲಿನಲ್ಲಿ ಇದ್ದವರು: ನಾನು, ಅಲ್ಬೀನಾ, ಅವಳ ತಂಗಿ, ಪೆಟ್ಟಿಗೆ ತಂದವನು, ಮತ್ತು ಭವನದ ಪಕ್ಕದ ಮನೆಯವನಾದ್ದರಿಂದ ಬೆಳಕು ಕಂಡು ಬಂದ ಮುದುಕ ಶಿಮೆಕ. ಪೆಟ್ಟಿಗೆ ಹೊರಲು ಆರು ಜನ ಬೇಕು. ಇದ್ದ ನಮ್ಮ ಮೂವರು ಗಂಡಸರ ಮಂಡಿಗಳನ್ನೆಲ್ಲ ಒಟ್ಟು ಸೇರಿಸಿದರೂ ನೆಟ್ಟಗಿರುವುದು ಮೂರೇ. ಖಾಲಿ ಬೆಂಚುಗಳ ಎದುರು ಕೊಲಾಚೆ ಗುಡ್ಡದ ಹಾಗೆ ಕೂತಿತ್ತು. "ಯಾಕೆ ಯಾರೂ ಬರ್ಲಿಲ್ಲ? ಆ ಹುಡುಗ ಓದ್ಲೇ ಇಲ್ವಾ?" ಎಂದು ನಾನು ರೇಗಿದೆ. ಅಲ್ಬೀನಾ ನನ್ನತ್ತ ತಿರುಗಿ, "ಓದಿರ್ತಾನೆ ಕಣ್ರೀ. ಕೇಳೋರು ಯಾರಿದಾರೆ? ಇನ್ನೂರ ಹನ್ನೆರಡು ಮನೆ ಕಿವೀನ ನೀವೇ ಅಲ್ವಾ ಹೊಲಿದು ಬಂದಿದ್ದು?" ಎಂದಳು.

ಅರವತ್ತಾರು ವರ್ಷ ತಲೆಯ ಮೇಲೆ ಟೋಪಿ ಹೊತ್ತವನಿಗೆ ಇದು ಆ ಕ್ಷಣದವರೆಗೆ ಹೊಳೆದಿರಲಿಲ್ಲವೆಂದರೆ ತಾವು ನಂಬಲಾರಿರಿ. ಹತ್ತೊಂಬತ್ತು ವರ್ಷ ಚೀಟಿ ಕೊಟ್ಟರೆ ಸಾಕು, ಜನ ಬರುತ್ತಿದ್ದರು. ನಾನು ಚೀಟಿ ಕೊಟ್ಟಿದ್ದೆ. ಪ್ರಮಾಣದ ನಂತರ ನಮ್ಮಲ್ಲಿ ಸತ್ತ ಮೊದಲಿಗ ಲುಮೀರನೇ. ಬೆಂಚಿನ ಮೇಲೆ ಕೂತೆ, ತಮ್ಮನ ಮುಖ ನೋಡಲು ಆಗಲಿಲ್ಲ.

ಆಗ ಹೊರಗೆ ಕಾರುಗಳು ಬಂದು ನಿಂತವು. ಒಂದಲ್ಲ ಎರಡಲ್ಲ, ಹತ್ತೊಂಬತ್ತು. ಬಾಗಿಲು ದಡಾರನೆ ತೆರೆದು, ಕೊಡೆಯಂತೆ ಅಗಲವಾದ ಲಂಗ, ಗಿಡ್ಡ ಕಾಲುಚೀಲ, ಎಣ್ಣೆ ಸುರಿದು ಬಾಚಿದ ಕ್ರಾಪು, ಹೈಸ್ಕೂಲಿನ ಅರವತ್ತು ಎಪ್ಪತ್ತು ಹುಡುಗ ಹುಡುಗಿಯರು ನಗುತ್ತ ಒಳಗೆ ನುಗ್ಗಿದರು. ಹಳದಿ ಲಂಗದ ಹುಡುಗಿಯೊಬ್ಬಳು, "ಲುಮೀರ್ ತಾತ ಎಲ್ಲಿ? ಅಕಾರ್ಡಿಯನ್ ನುಡಿಸ್ತಾರಂತಲ್ಲ!" ಎಂದು ಕೂಗಿದಳು. ಕೂಗಿದವಳಿಗೆ ಪೆಟ್ಟಿಗೆ ಕಂಡಿತು. ಅಷ್ಟು ಜನ ಮಕ್ಕಳು ಅಷ್ಟು ಬೇಗ ಮೌನವಾಗಿದ್ದನ್ನು ನಾನು ನನ್ನ ಆಯುಷ್ಯದಲ್ಲಿ ಕಂಡಿಲ್ಲ, ಮಾನ್ಯರೇ. ನನ್ನ ಸಮಿತಿಯಿಂದಲೂ ಅದು ಸಾಧ್ಯವಾಗಿರಲಿಲ್ಲ.

ಆ ಹುಡುಗಿಯ ಹೆಸರು ಡಾರ್ಲೀನ್. ರೇಡಿಯೊದಲ್ಲಿ ಏನು ಬಂತೆಂದು ನನಗೆ ಹೇಳಿದವಳು ಅವಳೇ. "'ಶನಿವಾರ ಬೆಳಿಗ್ಗೆ ಹತ್ತು, ಬೊಹೀಮಿಯನ್ ಹಾಲ್, ತೊರೆದಂಡೆಯ ಲುಮೀರ್ ತಾತ, ಅಕಾರ್ಡಿಯನ್ ಸರದಾರ, ಊಟ ಇದೆ, ಎಲ್ರೂ ಬನ್ನಿ' ಅಂತ ಜಾನಿ ಅಂದ, ತಾತಾ. ಆಮೇಲೆ ಹಾಡು ಹಾಕ್ದ. ನಾವು ಡ್ಯಾನ್ಸು ಅನ್ಕೊಂಡ್ವಿ." ಕೊನೆಯ ಕಾರಿನಿಂದ ಇಳಿದು ಬಂದ ಜಾನಿ ಜೆಟ್ ಅವರು ಕಿವಿಯವರೆಗೆ ಕೆಂಪಾಗಿದ್ದರು. "ಸ್ಥಳೀಯ ಪ್ರಕಟಣೆಗೆ ಏಳೇ ಸೆಕೆಂಡು ತಾತ. ಸಾವು, ಶವ, ಮಣ್ಣು, ದುಃಖ, ಈ ಥರ ಪದ ಹೇಳಿದ್ರೆ ಹಾಡಿನ ಹುಮ್ಮಸ್ಸು ಕೆಡತ್ತೆ ಅಂತ ಟ್ವೀಡಿ ಸಾಹೇಬ್ರು ಮೈಕಿನ ಮೇಲೇ ಬರೆದು ಅಂಟಿಸಿದಾರೆ. ಹತ್ತು ಗಂಟೆ, ಬೊಹೀಮಿಯನ್ ಹಾಲು ಅಂದ್ರೆ ದೊಡ್ಡೋರಿಗೆ ತಾನಾಗೇ ತಿಳಿಯತ್ತೆ ಅನ್ಕೊಂಡೆ." ಅವರ ಅಜ್ಜ ಶಿಮೆಕ ಕೋಲನ್ನು ನೆಲಕ್ಕೆ ಕುಟ್ಟಿ, "ದೊಡ್ಡೋರೆಲ್ಲ ಕಿವಿಗೆ ಬಟ್ಟೆ ಮುಚ್ಕೊಂಡು ಕೂತಿದೀವಲ್ಲೋ ಮಿಲೋ," ಎಂದ.

ಈ ವಿಷಯದಲ್ಲಿ ತಮ್ಮ ದೂರದೃಷ್ಟಿಯನ್ನು ಕೊಂಡಾಡಲು ನನ್ನಲ್ಲಿ ಪದಗಳಿಲ್ಲ. ಸತ್ತವರನ್ನು ಸತ್ತರೆಂದು ಹೇಳದೆ ಸಾವನ್ನೇ ಜಿಲ್ಲೆಯಿಂದ ಗಡೀಪಾರು ಮಾಡಿದ ಮೊದಲ ಅಧಿಕಾರಿ ತಾವು. ನಮ್ಮ ವೈದ್ಯರು ಮೂವತ್ತು ವರ್ಷ ಹೆಣಗಿ ಆಗದೆ ಬಿಟ್ಟ ಕೆಲಸವನ್ನು ತಾವು ಒಂದು ತುಂಡು ಕಾಗದ, ಒಂದಿಷ್ಟು ಅಂಟಿನಲ್ಲಿ ಮುಗಿಸಿದಿರಿ.

ಆದರೆ ಆ ಮಕ್ಕಳಿಗೆ ಲುಮೀರ ಹೇಗೆ ಗೊತ್ತು? ಜಾನಿ ಕೋಟಿನೊಳಗಿಂದ ಅಂಚೆಕಾರ್ಡುಗಳ ಒಂದು ಕಟ್ಟು ತೆಗೆದುಕೊಟ್ಟರು. ನನ್ನ ತಮ್ಮ, ಪ್ರಮಾಣಕ್ಕೆ ಮೊದಲ ಸಹಿ ಹಾಕಿದವನು, ಡಿಸೆಂಬರಿನಿಂದ ವಾರಕ್ಕೆ ಮೂರು ಕಾರ್ಡು ತಮ್ಮ ನಿಲಯಕ್ಕೆ ಬರೆದಿದ್ದ. ಜಾನಿ ಅವನ್ನು ದಿನಾ ಹಾಡುಗಳ ನಡುವೆ ಓದುತ್ತಿದ್ದರಂತೆ, ಊರಿನ ಮಕ್ಕಳೆಲ್ಲ ಅದಕ್ಕಾಗಿಯೇ ಕಾಯುತ್ತಿದ್ದರಂತೆ. ಒಂದರಲ್ಲಿ ಹೀಗಿತ್ತು: "ಎರಡನೇ ಹಾಡಿನ ಸ್ಯಾಕ್ಸೊಫೋನಿನವನಿಗೆ ಹೊಟ್ಟೆ ತುಂಬ ಊಟ ಹಾಕಿ, ಉಸಿರು ಸಾಲ್ತಿಲ್ಲ." ಇನ್ನೊಂದರಲ್ಲಿ: "ಈ ಡ್ರಮ್ಮಿನವನು ನಮ್ಮ ಪೋಲ್ಕಾನೇ ಕದ್ದುಕೊಂಡು ಓಡ್ತಿದಾನೆ. ಹಿಡೀಬೇಡಿ, ಓಡ್ಲಿ, ಚೆನ್ನಾಗಿ ಓಡ್ತಿದಾನೆ." ಕೊನೆಯದು ಬುಧವಾರದ್ದು: "ನಮ್ಮಣ್ಣಂಗೆ ಹೇಳ್ಬೇಡಿ. ಅವನು ನನಗೋಸ್ಕರ ಜಗಳಕ್ಕೆ ನಿಂತಿದಾನೆ, ನೊಂದ್ಕೋತಾನೆ." ಇದನ್ನು ಓದಿ ನಾನು ಅತ್ತೆ. ತಮ್ಮ ಉದ್ಘೋಷಕರ ಎಣ್ಣೆ ಜಿಡ್ಡಿನ ತಲೆಯನ್ನು ಭುಜಕ್ಕೆ ಒತ್ತಿಕೊಂಡು ಅತ್ತೆ. ಕೋಟಿನ ಮೇಲಿನ ಕಲೆ ಇನ್ನೂ ಹೋಗಿಲ್ಲ.

ಪೆಟ್ಟಿಗೆ ಹೊತ್ತವರು ಆ ಹುಡುಗರೇ, ಕುಣಿಯಲೆಂದು ಹಾಕಿಕೊಂಡು ಬಂದ ನುಣ್ಣನೆಯ ಬೂಟುಗಳಲ್ಲಿ, ಗಾಜಿನಂತೆ ಹೆಪ್ಪುಗಟ್ಟಿದ ರಸ್ತೆಯ ಮೇಲೆ. ಅಲ್ಬೀನಾ ಒಲೆಯ ಬೂದಿಯ ಬಕೆಟ್ಟು ಹಿಡಿದು ಅವರ ಹೆಜ್ಜೆ ಮುಂದೆ ಬೂದಿ ಚೆಲ್ಲುತ್ತ ನಡೆದಳು. ವಾದ್ಯದವರಲ್ಲಿ ಕೋಲೂರಿದ ಶಿಮೆಕನ ಹೊರತು ಒಬ್ಬರೂ ಇರಲಿಲ್ಲ, ವಾದ್ಯವಿಲ್ಲದೆ ನಮ್ಮಲ್ಲಿ ಯಾರೂ ಹೋಗಿಲ್ಲ. ಆದ್ದರಿಂದ ಹತ್ತೊಂಬತ್ತು ಕಾರುಗಳೂ ಕಿಟಕಿ ಇಳಿಸಿಕೊಂಡು, ರೇಡಿಯೊ ಹಚ್ಚಿಕೊಂಡು, ತಮ್ಮ ನಿಲಯವನ್ನೇ ಹಾಕಿಕೊಂಡು ಆಮೆಯ ಹಾಗೆ ಹಿಂದೆ ಬಂದವು. ನನ್ನ ತಮ್ಮ ಸ್ಮಶಾನಕ್ಕೆ ಹೋದದ್ದು ತಮ್ಮ ಹಾಡುಗಳ ಮೇಲೆ. ನನ್ನ ಎಡಗಾಲು ಅದಕ್ಕೆ ತಾಳ ಹಾಕುತ್ತಿತ್ತೆಂದು ಅಲ್ಬೀನಾ ಹೇಳುತ್ತಾಳೆ. ಜಾರುತ್ತಿತ್ತು, ಅಷ್ಟೇ.

ಗುಂಡಿಯ ಬಳಿ ನಾನು ಟೋಪಿ ತೆಗೆದೆ. ಆಗ ಜಾನಿ ಜೇಬಿನಿಂದ ಆ ಹಳೆಯ ಕೈಗಂಟೆ ತೆಗೆದು ಮೂರು ಸಲ ಬಡಿದರು. ಆ ಮಕ್ಕಳಿಗೆ ಗಂಟೆಯೆಂದರೆ ಗೊತ್ತಿರುವುದು ಒಂದೇ. ಮೂರನೆಯದು ಬಡಿದಾಗ, ಅಭ್ಯಾಸಬಲದಿಂದ, ಎಪ್ಪತ್ತು ಗಂಟಲುಗಳು ಒಟ್ಟಿಗೆ "ನಂಬರ್ ಒನ್!" ಎಂದು ಕೂಗಿ, ಚಪ್ಪಾಳೆ ಹೊಡೆದುಬಿಟ್ಟವು. ಮರುಕ್ಷಣ ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು, ಡಾರ್ಲೀನ್ ಅಳಲಾರಂಭಿಸಿದಳು. ಹತ್ತೊಂಬತ್ತು ವರ್ಷ ತಮ್ಮ ನಿಲಯದ ಬಂದ್ ಕೋಣೆಯಲ್ಲಿ ಒಬ್ಬನೇ ಕೂತು ನುಡಿಸಿದ ನನ್ನ ತಮ್ಮ ಅಲ್ಲಿ ಒಂದು ಚಪ್ಪಾಳೆಯನ್ನೂ ಕಿವಿಯಾರೆ ಕೇಳಿದವನಲ್ಲ. "ಇರ್ಲಿ ಮಗಾ, ಇನ್ನೊಂದ್ಸಲ ಹೊಡೀರಿ," ಎಂದೆ. ಹೊಡೆದರು.

ಇನ್ನು ನನ್ನ ಬೇಡಿಕೆಗಳು. ಮೊದಲನೆಯದಾಗಿ, ಮೈಕಿನ ಮೇಲೆ ಅಂಟಿಸಿರುವ ಕಾಗದವನ್ನು ಕಿತ್ತುಹಾಕಿ, ಸತ್ತವರಿಗೆ ದಿನಕ್ಕೆ ಒಂದು ನಿಮಿಷ, ಅವರ ಗಂಟೆಯೊಡನೆ, ಮರಳಿಸಬೇಕು. ಆಮೇಲೆ ತಾವು ಯಾರನ್ನು ಬೇಕಾದರೂ ಕಿರುಚಿಸಿಕೊಳ್ಳಿ. ಇದು ಆಗದಿದ್ದಲ್ಲಿ, ಈ ಜಿಲ್ಲೆಯಲ್ಲಿ ತಮ್ಮ ಅಪ್ಪಣೆಯಾಗುವವರೆಗೆ ಯಾರೂ ಸಾಯದಂತೆ ತಾವೇ ವ್ಯವಸ್ಥೆ ಮಾಡಬೇಕು. ಎರಡನೆಯದಾಗಿ, ರೇಡಿಯೊ ಮೌನ ಸಮಿತಿಯನ್ನು ಅದರ ಅಧ್ಯಕ್ಷ ವಿಸರ್ಜಿಸಿದ್ದಾನೆ, ಇನ್ನೂರ ಹನ್ನೆರಡು ಮನೆಯವರೂ ಬಟ್ಟೆ ತೆಗೆದು ರೇಡಿಯೊ ಹಾಕಿಕೊಳ್ಳಬಹುದು ಎಂಬ ಪ್ರಕಟಣೆಯನ್ನು ದಯವಿಟ್ಟು ತಮ್ಮ ರೇಡಿಯೊದಲ್ಲಿಯೇ ಬಿತ್ತರಿಸಬೇಕು. ಅವರಲ್ಲಿ ಒಬ್ಬರಿಗೂ ಅದು ಕೇಳಿಸುವುದಿಲ್ಲವೆಂದು ನನಗೆ ಗೊತ್ತು. ಆದ್ದರಿಂದ ನಾನು ಮನೆಮನೆಗೆ ಹೋಗಿ, ನನ್ನ ತಮ್ಮ ಸತ್ತದ್ದನ್ನೂ ಅದರ ಜೊತೆಗೆ ಈ ವಿಸರ್ಜನೆಯನ್ನೂ ಹೇಳಿ, ಪ್ರತಿ ಮನೆಯಲ್ಲೂ ಬೈಸಿಕೊಂಡು ಬರುತ್ತಿದ್ದೇನೆ. ಜೆಲೆಂಕಾ ಅಜ್ಜಿಯ ಬಲ್ಬನ್ನು ನಿನ್ನೆ ಮರಳಿಸಿದೆ. ಅವರು ಬೈಯಲಿಲ್ಲ. "ಲುಮೀರ ಹೋದ್ನಾ? ನಂಗ್ಯಾಕಪ್ಪ ಹೇಳ್ಲಿಲ್ಲ?" ಎಂದು ಮಾತ್ರ ಕೇಳಿದರು.

ಕಂಬ ಬೀಳದಿರಲಿ, ತಮ್ಮ ಹುಮ್ಮಸ್ಸು ಕೆಡದಿರಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ ಹಾಗೂ, ಹೇಳಿಕೊಳ್ಳಲು ಸಂಕೋಚವಾದರೂ, ಈಗ ತಮ್ಮ ದಿನನಿತ್ಯದ ಶ್ರೋತೃ,
ವೆನ್ಸೆಲ್ ಪೊಸ್ಪಿಶಿಲ್

ಮರೆತ ಮಾತು: ಹತ್ತೊಂಬತ್ತು ವರ್ಷದ ಸೇವೆಗೆಂದು ತಾವು ನನ್ನ ತಮ್ಮನಿಗೆ ದಯಪಾಲಿಸಿದ ಪೆನ್ನನ್ನು ಪತ್ರಿಕೆಯವರ ಕೈಯಲ್ಲಿ ಹಿಂದಿರುಗಿಸುತ್ತಿದ್ದೇನೆ. ಅದು ಬರೆಯುವುದಿಲ್ಲ, ಇದ್ದ ಶಾಯಿಯನ್ನೆಲ್ಲ ಅವನು ತಮ್ಮ ನಿಲಯಕ್ಕೆ ಕಾರ್ಡು ಬರೆದೇ ಮುಗಿಸಿದ್ದಾನೆ. ಸಾಧ್ಯವಾದರೆ ಇನ್ನೊಂದು ಕಳಿಸಿಕೊಡಿ. ಆ ಸ್ಯಾಕ್ಸೊಫೋನಿನವನಿಗೆ ಇನ್ನೂ ಉಸಿರು ಸಾಲುತ್ತಿಲ್ಲ, ಅದನ್ನು ಯಾರಾದರೂ ಬರೆಯಬೇಕಲ್ಲ.